ಇಂಜಿನ್ನಿಗೆ ಬೆಲ್ಲ ಹುಯ್ದದ್ದು

ಪಾಂಡವಪುರ ಸ್ಟೇಷನ್ನಿನ ಕೂಗಳತೆಯಲ್ಲೇ ಹುಟ್ಟಿ ಬೆಳೆದವನು ನಾನು. ನಮ್ಮ ಲೈನು ಬ್ರಾಡ್‌ಗೇಜ್ ಆಗುವಾಗ ದಿನವೂ ಹೋಗಿ, ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ವಿಚಾರಿಸಿ ಬಂದಿದ್ದೇನೆ. ಹೀಗಿರುವಾಗ ಗೇಣುದ್ದದ ಆಟದ ಇಂಜಿನ್ನು ನನಗೆ ಯಾವ ಲೆಕ್ಕ?

ಅದನ್ನು ಬೊಂಬಾಯಿಂದ ತಂದವನು ನನ್ನ ಭಾವಮೈದ ಶಿವಣ್ಣ. ಕಂಬಿ, ಬೋಗಿ, ಕರೆಂಟಿನ ಡಬ್ಬಿ ಎಲ್ಲಾ ಇತ್ತು. ಇಂಜಿನ್ನಿಗೆ ಮಾತ್ರ ತ್ರಾಣವಿರಲಿಲ್ಲ. ಬೋಗಿ ತಗುಲಿಸಿದರೆ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತಿತ್ತು. ಅಷ್ಟರಲ್ಲಿ ದಸರೆ ಬಂತು. ಈ ಸಲ ತನ್ನ ಪಟ್ಟದ ರಾಜ ರಾಣಿ ಗೊಂಬೆಗಳು ರೈಲಿನಲ್ಲೇ ಬರಬೇಕೆಂದು ನನ್ನ ಹೆಂಡತಿ ಜಯಮ್ಮನಿಗೆ ಆಸೆ. ಅವಳ ಅಜ್ಜಿ ಕೊಟ್ಟ ಬೆರಳುದ್ದದ ಮರದ ಗೊಂಬೆಗಳವು. ನೋಡಲು ತವರಿನವರೆಲ್ಲ ಶ್ರೀರಂಗಪಟ್ಟಣದಿಂದ ಬರುವವರಿದ್ದರು.

"ಸುಮ್ಕೆ ಕೈಲೇ ತಳ್ಳನ ಬುಡಿ ಭಾವ," ಎಂದ ಶಿವಣ್ಣ.

"ಇಂಜಿನ್ನು ಅಗುರ ಕಣ್ಲಾ. ತೂಕ ಕೊಟ್ರೆ ಕಂಬಿ ಇಡ್ಕತದೆ. ಇದು ಸೈನ್ಸು," ಎಂದೆ.

ಮಾತು ನಿಜವೇ. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ತೂಕಕ್ಕೆ ಸೀಸ ತುಂಬಬೇಕಂತೆ. ಸೀಸ ಹುಡುಕಿಕೊಂಡು ಯಾರು ಅಲೆಯುತ್ತಾರೆ? ನಮ್ಮ ಆಲೆಮನೆಯಲ್ಲಿ ಆಗತಾನೆ ಕೊಪ್ಪರಿಗೆ ಇಳಿಸಿದ್ದರು. ಬಿಸಿ ಬೆಲ್ಲ ಎಂಥ ಅಚ್ಚಿಗೆ ಹುಯ್ದರೂ ಮೂಲೆಮೂಲೆಗೆ ಇಳಿದು ಕಲ್ಲಾಗುತ್ತದೆ. ಮೋಟರಿಗೆ ತಾಗದಂತೆ ರಟ್ಟು ಅಡ್ಡವಿಟ್ಟು, ಇಂಜಿನ್ನಿನ ತಗಡಿನ ಹೊಟ್ಟೆಗೆ ಪಾಕ ಹುಯ್ದೆ.

ಆರಿದ ಮೇಲೆ ಓಡಿಸಿದರೆ, ಬೋಗಿಗಳನ್ನೆಲ್ಲ ಎಳೆದುಕೊಂಡು ಒಂದು ಸುತ್ತು ಬಂತು! ಜಯಮ್ಮ ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ನನಗೆ ಖುಷಿಯೋ ಖುಷಿ. ಆ ಖುಷಿಯಲ್ಲಿ ಇಂಜಿನ್ನಿನ ಮೂತಿಗೆ ಒಂದು ಟಾರ್ಚ್ ಬಲ್ಬನ್ನೂ ಕೂರಿಸಿಬಿಟ್ಟೆ.

ಸಂಜೆ ತವರಿನವರು ಜಮಾಯಿಸಿದರು. ರಾಜ ರಾಣಿ ಮೊದಲ ಬೋಗಿಯಲ್ಲಿ ವಿರಾಜಮಾನರಾದರು. ರೈಲು ಹೊರಟಿತು, ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ನಿಲ್ಲಿಸುವ ಜಾತಿ ನನ್ನದಲ್ಲ. ಓಡಿಸುತ್ತಲೇ ಇದ್ದೆ. ಮೋಟರು ಕಾಯಿತು. ಬಲ್ಬೂ ಕಾಯಿತು.

"ರೀ, ಬೆಲ್ಲ ಕಾದ ವಾಸ್ನೆ ಬತ್ತಾದೆ. ವಲೆ ಮ್ಯಾಲೆ ನಾನೇನೂ ಮಡಗಿಲ್ವಲ್ಲ," ಎಂದಳು ಜಯಮ್ಮ.

ಇಂಜಿನ್ನು ಜೊಲ್ಲು ಸುರಿಸುತ್ತಿತ್ತು. ಮತ್ತೊಂದು ಸುತ್ತು ಬರುವಷ್ಟರಲ್ಲಿ ತಾನೇ ಸುರಿಸಿದ ಪಾಕ ಚಕ್ರಕ್ಕೆ ಅಂಟಿ ಗಕ್ಕನೆ ನಿಂತಿತು. ನಿಂತ ರಭಸಕ್ಕೆ ಮಹಾರಾಜರು ಇಂಜಿನ್ನಿನ ಮೇಲೆ ಮಕಾಡೆ ಬಿದ್ದು ಅಂಟಿಕೊಂಡರು. ಮಹಾರಾಣಿಯವರು ಅವರ ಬೆನ್ನಿಗೆ! ಜಯಮ್ಮನ ಮುಖ ನೋಡಿ ಕರೆಂಟು ಆರಿಸಿದೆ.

ಅತ್ತೆ ಬಗ್ಗಿ, ಕಂಬಿಯ ಮೇಲಿದ್ದದ್ದನ್ನು ಬೆರಳಲ್ಲಿ ತೆಗೆದು ನೆಕ್ಕಿದರು. "ಅಳಿಯಂದ್ರು ಚೆನ್ನಾಗೇ ಹುಯ್ದವ್ರೆ. ಪಾಕ ಒಂದೀಟು ಎಳೇದಾಯ್ತು," ಎಂದರು.

ಜಯಮ್ಮ ಒದ್ದೆ ಬಟ್ಟೆ ಒತ್ತಿ ಒತ್ತಿ ಗೊಂಬೆಗಳನ್ನು ಬಿಡಿಸಿಕೊಂಡಳು. ರಾಜನ ಮೀಸೆ ಮಾತ್ರ ಇಂಜಿನ್ನಿನಲ್ಲೇ ಉಳಿಯಿತು.

ಬೆಳಿಗ್ಗೆ ನೋಡಿದರೆ ಲೈನು ಚಾಲೂ ಆಗಿತ್ತು. ಹೋಗುವ ಇರುವೆಗಳು ಒಂದು ಕಂಬಿ, ಬರುವ ಇರುವೆಗಳು ಇನ್ನೊಂದು ಕಂಬಿ ಹಿಡಿದು, ಮೈಗಿಂತ ದೊಡ್ಡ ಬೆಲ್ಲದ ಚೂರು ಹೊತ್ತು ಎಲ್ಲೂ ನಿಲ್ಲದೆ ಓಡುತ್ತಿದ್ದವು. ನಾನು ಹತ್ತಿರ ಹೋಗಿ ಕೂತೆ.

"ಕೈ ಆಕ್ಬ್ಯಾಡಿ ಕಣ್ರೀ," ಎಂದಳು ಹಿಂದಿನಿಂದ ಜಯಮ್ಮ. "ಅವು ಚೆನ್ನಾಗೇ ಓಡ್ತಾವೆ."