ಕರಿಯನ ಮೈಗೆ ದೋಣಿಯ ಎಣ್ಣೆ

ನಿಮ್ಮ ದೊಡ್ಡಜ್ಜ, ಅಂದರೆ ನಿಮ್ಮ ಅಜ್ಜನ ಅಣ್ಣ, ಹನ್ನೊಂದು ವರ್ಷಕ್ಕೂ ಮಿಕ್ಕಿ ನನ್ನೊಟ್ಟಿಗೆ ಒಂದೇ ಮನೆಯಲ್ಲಿದ್ದರು. ಒಂದೇ ಒಲೆಯ ಅನ್ನ ಉಂಡರು. ಮೊದಲ ಹನ್ನೊಂದು ವರ್ಷ ನನ್ನ ಹತ್ತಿರ ಒಂದೇ ಒಂದು ಮಾತು ಆಡಿದವರಲ್ಲ! ಸಿಟ್ಟಾ? ಅಲ್ಲ. ಮೂಗರಾ? ಅಯ್ಯೋ, ಅವರ ಬಾಯಿ ಮುಚ್ಚಿದ್ದನ್ನು ಎದುರಿನ ಕಡಲೂ ಕಂಡಿರಲಿಕ್ಕಿಲ್ಲ. ಆಡುವ ಮಾತನ್ನೆಲ್ಲ ಅವರು ಆಡುತ್ತಿದ್ದದ್ದು ನಾಯಿಯ ಹತ್ತಿರ.

ಮೊನ್ನೆ ನೀವಿಬ್ಬರೂ ಫೋನು ಮಾಡಿ, “ಅಜ್ಜಿ, ನಮ್ಮ ನಾಯಿಯ ಬೆನ್ನ ಮೇಲೆ ರೋಮ ಉದುರುತ್ತಿದೆ, ಎಂತ ಮಾಡುವುದು?” ಎಂದು ಅಳುವ ಸ್ವರದಲ್ಲಿ ಕೇಳಿದಿರಲ್ಲ, ನನಗೆ ಮೊದಲು ನಗು ಬಂತು. ಆಮೇಲೆ ಸುಸ್ತು ಬಂತು. ನಾಯಿಯ ರೋಮದ ವಿಷಯದಲ್ಲಿ ನಾನು ಪಟ್ಟ ಪಾಡು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಬಾಯಿ ಬಿಡುವುದೆಂದರೆ ನನಗೆ ಮೊದಲಿನಿಂದಲೂ ಕಷ್ಟ. ಊರ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕೈ ಒಂದಿದೆಯಲ್ಲ, ಬರೆಯುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡದ್ದು ತೊಂಬತ್ತೇಳರಲ್ಲಿ. ಆಗ ನಿಮ್ಮ ಅಮ್ಮ ಏಳನೇ ಕ್ಲಾಸು. ಕೋಟೇಶ್ವರದಿಂದ ಪಡುವಣಕ್ಕೆ, ಕಡಲ ಬದಿಯ ನಮ್ಮ ಮನೆಯಲ್ಲಿ ನಾನು ಬೀಡಿ ಕಟ್ಟುತ್ತಾ ಕೂತಿದ್ದಾಗ, ಮದುವೆಯಾಗದ ಭಾವ ಒಂದು ತಗಡಿನ ಪೆಟ್ಟಿಗೆ, ಒಂದು ಕಪ್ಪು ನಾಯಿ ಹಿಡಿದುಕೊಂಡು ಬಂದರು. ಜಗುಲಿಯಲ್ಲಿ ಕೂತು ನಾಯಿಗೆ ಹೇಳಿದರು: “ಕರಿಯಾ, ಇನ್ಮೇಲೆ ನಾವ್ ಇಲ್ಲೇ ಇಪ್ಪುದ್. ಹೆಣ್ಮಕ್ಳ್ ಇಬ್ರೇ ಆದ್ರಲ್ದಾ.”

ನಮ್ಮ ಮನೆಗಳಲ್ಲಿ ಆಗ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಕ್ರಮ ಇರಲಿಲ್ಲ. ಅವರೂ ನೇರ ಮಾತಾಡುವವರಲ್ಲ. ನಾನೋ, ಅಂಥ ಕಟ್ಟು ಇಲ್ಲದಿದ್ದರೂ ಬಾಗಿಲ ಹಿಂದೆಯೇ ನಿಲ್ಲುವ ಜನ! ನಿಮ್ಮ ಅಮ್ಮ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಮಾತಿಗೆ ಉಳಿದವನು ಕರಿಯ ಒಬ್ಬನೇ.

“ಕರಿಯಾ, ಸಾರಿಗೆ ಉಪ್ಪ್ ಬೀಳ್ಲಿಲ್ಲೆ ಅಂದ್ ಹೇಳ್ ಮಾರಾಯ.”

ನಾನು ಒಳಗಿನಿಂದ: “ಕರಿಯಾ, ಉಪ್ಪು ತಟ್ಟೆ ಬದಿಯಂಗೇ ಇತ್ತ್. ಕಣ್ಣ್ ಬಿಟ್ಕಂಡ್ ಕಾಣುಕ್ ಹೇಳ್.”

ಪಾಪದ ಪ್ರಾಣಿ! ಒಮ್ಮೆ ಅತ್ತ, ಒಮ್ಮೆ ಇತ್ತ ಮುಖ ತಿರುಗಿಸಿ ತಿರುಗಿಸಿ ಅದರ ಕುತ್ತಿಗೆ ಉಳುಕದೆ ಇದ್ದದ್ದೇ ಆಶ್ಚರ್ಯ.

ಭಾವನ ಕೆಲಸ ದೋಣಿ ರಿಪೇರಿ. ಮಳೆಗಾಲಕ್ಕೆ ಮೊದಲು ದೋಣಿಗಳನ್ನು ದಡಕ್ಕೆ ಎಳೆದು, ಮರ ಬಿರಿಯದ ಹಾಗೆ ಬೈಗೆ ಮೀನಿನ ಎಣ್ಣೆ ಬಳಿದು, ತೆಂಗಿನ ಮಡಲು ಮುಚ್ಚಿ ಇಡುತ್ತಾರೆ. ಆ ಎಣ್ಣೆಯ ಮೇಲೆ ಭಾವನಿಗೆ ಇದ್ದ ನಂಬಿಕೆ ಯಾವ ದೇವರ ಮೇಲೂ ಇರಲಿಲ್ಲ. ಮಳೆ ಹಿಡಿಯಿತೆಂದರೆ ಡಬ್ಬಿ ಹಿಡಿದು ಹೊರಡುವರು. ದೋಣಿಗೆ ಆಯಿತು, ಏಣಿಗೆ ಆಯಿತು, ಸೈಕಲಿಗೆ ಆಯಿತು. ಒಂದು ವರ್ಷ ನನ್ನ ಕೊಡೆಯ ಕಡ್ಡಿಗೂ ಹಚ್ಚಿದರು. ಆ ಕೊಡೆ ಬಿಡಿಸಿ ನಾನು ಬೀಡಿ ಡಿಪೋಗೆ ಹೋದರೆ ಸಾಲಿನಲ್ಲಿ ನನ್ನ ಹಿಂದೆಯೂ ಮುಂದೆಯೂ ಜಾಗವೋ ಜಾಗ!

ಮೂರನೇ ಮಳೆಗಾಲದಲ್ಲಿ ಕರಿಯನಿಗೆ ತುರಿಕೆ ಹತ್ತಿತು. ಮೊದಲು ಕಿವಿಯ ತುದಿ, ಆಮೇಲೆ ಮೊಣಕೈ, ಆಮೇಲೆ ಹೊಟ್ಟೆ. ಹಗಲಿಡೀ ಕೆರೆತ. ಜಗುಲಿಯ ಕಂಬಕ್ಕೆ ಮೈ ಉಜ್ಜಿ ಉಜ್ಜಿ ಕಂಬ ನುಣ್ಣಗಾಯಿತು, ನಾಯಿಯೂ ನುಣ್ಣಗಾಯಿತು. ತಿಂಗಳೊಳಗೆ ಕರಿಯ ಎಂಬ ಹೆಸರಿಗೆ ಸಾಕ್ಷಿಯಾಗಿ ಬಾಲದ ತುದಿಯಲ್ಲಿ ನಾಲ್ಕು ರೋಮ ಉಳಿಯಿತು. ಉಳಿದದ್ದೆಲ್ಲ ಬೂದಿ ಬಣ್ಣದ, ಅಲ್ಲಲ್ಲಿ ಕೆಂಪಾದ, ನೆರಿಗೆ ನೆರಿಗೆ ಚರ್ಮ.

ಭಾವ ಸುತ್ತ ಒಂದು ಸಲ ತಿರುಗಿ, ಬೆರಳಿನಿಂದ ಬೆನ್ನು ತಟ್ಟಿ ನೋಡಿ ತೀರ್ಪು ಕೊಟ್ಟರು: “ಕರಿಯಾ, ಎಂತದೂ ಇಲ್ಲೆ. ಹಲ್ಗೆ ಒಣ್ಗಿತ್. ಎಣ್ಣೆ ಕುಡ್ದ್ರೆ ಸಮ ಆತ್ತ್.”

ಹಚ್ಚಿದರು. ಮೂತಿಯಿಂದ ಬಾಲದವರೆಗೆ, ಬ್ರಶ್ಶಿನಲ್ಲಿ, ಎರಡು ಕೋಟು!

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಒಂಬತ್ತು ಬೆಕ್ಕು. ನಮ್ಮ ಕೇರಿಯಲ್ಲಿ ಅಷ್ಟು ಬೆಕ್ಕು ಇದ್ದದ್ದೇ ನನಗೆ ಗೊತ್ತಿರಲಿಲ್ಲ. ನಡುವೆ ಕರಿಯ. ಒಂದು ಬೆಕ್ಕು ಅವನ ಬೆನ್ನು ನೆಕ್ಕುತ್ತಿದೆ, ಇನ್ನೊಂದು ಕಾಲು. ಹುಟ್ಟಿದಾಗಿನಿಂದ ಬೆಕ್ಕುಗಳನ್ನು ಅಟ್ಟಿಸಿಕೊಂಡು ಹೋದ ನಾಯಿ ಈಗ ಮಾನ ಉಳಿಸಿಕೊಳ್ಳಲು ನನ್ನ ಬೀಡಿ ಮೊರದ ಮೇಲೆ ಹಾರಿ ಬಂತು. ಹೊಗೆಸೊಪ್ಪು ಅಂಗಳದಲ್ಲಿ, ಎಲೆ ಬಾವಿಕಟ್ಟೆಯಲ್ಲಿ! ಎರಡು ದಿನದ ಕೆಲಸ ಹೋಯಿತು. ತಲೆಯ ಮೇಲೆ ಗಿಡುಗ ಸುತ್ತುತ್ತಿತ್ತು. ಅಷ್ಟರಲ್ಲಿ ಕೋಟೇಶ್ವರದ ಕಡೆಯಿಂದ ಬಂದ ಹೆಂಗಸೊಬ್ಬಳು ಬೇಲಿಯ ದಣಪೆಯ ಆಚೆ ನಿಂತು ಮೂಗೇರಿಸಿ, “ಹ್ವಾಯ್, ಬೈಗೆ ಬಂದಿತ್ತಾ? ಹ್ಯಾಂಗೆ ಕೊಡ್ತ್ರಿ?” ಎಂದು ಕೇಳಬೇಕೆ?

ಎಣ್ಣೆ ಮಳೆಯ ನಡುವಿನ ಬಿಸಿಲಿಗೆ ಕಾದು ಚರ್ಮ ಇನ್ನಷ್ಟು ಹುಣ್ಣಾಯಿತು. ಆದರೆ ಭಾವ ಸೋಲುವ ಜನವಾ? ಕೆರಾಡಿಯಲ್ಲಿ ಸೊಪ್ಪಿನ ಮದ್ದು ಕೊಡುವವರೊಬ್ಬರಿದ್ದಾರೆಂದು ಯಾರೋ ಹೇಳಿದರು. ಮಳೆ ಬಿಟ್ಟು ಹೊಳವಾದ ಕೂಡಲೇ ಕರಿಯನನ್ನು ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದರು. ಆ ಪ್ರಯಾಣದ ಕಥೆಯನ್ನು ಸಂಜೆ ಕರಿಯನಿಗೇ ಹೇಳುತ್ತಿದ್ದರು, ಅವನು ಜೊತೆಯಲ್ಲಿ ಇರಲೇ ಇಲ್ಲ ಎಂಬ ಹಾಗೆ!

“ಕಂಡಕ್ಟ್ರ್ ಎಂತ ಹೇಳ್ದ ಗೊತ್ತಿತ್ತಾ ಕರಿಯಾ? ಬಸ್ಸಂಗೆ ನಾಯಿ ತಪ್ಪುಕಾಗ ಅಂಬ್ರ್. ನಾ ಹೇಳ್ದೆ, ರೋಮ ಇದ್ರಲ್ದಾ ನಾಯಿ? ಇದ್ರ್ ಮೈಯಂಗೆ ರೋಮ ಎಲ್ಲಿತ್ತ್ ತೋರ್ಸ್ ಅಂದೆ.”

ಕಂಡಕ್ಟರ್ ತೋರಿಸಲಿಕ್ಕೆ ಹತ್ತಿರ ಬರಲಿಲ್ಲ. ಯಾರೂ ಹತ್ತಿರ ಬರಲಿಲ್ಲ. ನಿಲ್ಲಲೂ ಜಾಗವಿಲ್ಲದ ಆ ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಇಡೀ ಇವರಿಬ್ಬರಿಗೇ.

ಸೊಪ್ಪಿನ ಮದ್ದಿಗೆ ಇಪ್ಪತ್ತೊಂದು ದಿನ ಪಥ್ಯ, ಮೀನು ಮುಟ್ಟಬಾರದು. ನಾಯಿ ಮುಟ್ಟಬಾರದೋ, ಮದ್ದು ಹಚ್ಚುವವರು ಮುಟ್ಟಬಾರದೋ? ಕೇಳಲು ಭಾವ ಮರೆತಿದ್ದರು. ತಪ್ಪಾಗುವುದು ಬೇಡವೆಂದು ಮೂವರಿಗೂ ನಾಯಿಗೂ ಸೇರಿ ಪಥ್ಯ ಹಾಕಿದರು. ಆಗ ಯಾವ ಕಾಲ ಗೊತ್ತಾ? ಮೀನುಗಾರಿಕೆಗೆ ಕಡಲು ಬಿಟ್ಟು ಹದಿನೈದು ದಿನ, ಬಂಗುಡೆ ರಾಶಿ ರಾಶಿ ಬೀಳುವ ಕಾಲ! ಆಚೆ ಮನೆಯಲ್ಲಿ ಮೀನು ಹುರಿಯುವ ಪರಿಮಳ. ನಮ್ಮಲ್ಲಿ ಸೌತೆಕಾಯಿ ಹುಳಿ. ನಿಮ್ಮ ಅಮ್ಮ ತಟ್ಟೆ ನೋಡಿ ಅಳುತ್ತಿದ್ದಳು. ಹದಿನೆಂಟನೇ ದಿನ ತಿಳಿಯಿತು, ಕರಿಯ ದಿನಾ ದಡಕ್ಕೆ ಹೋಗಿ ಬಲೆಯಿಂದ ಬಿದ್ದ ಮೀನು ಹೊಟ್ಟೆ ತುಂಬ ತಿಂದು ಬರುತ್ತಿದ್ದನಂತೆ. ಪಥ್ಯ ಮಾಡಿದ್ದು ನಾವು ಮಾತ್ರ.

ನನಗೆ ಸಾಕಾಗಿತ್ತು ಮಕ್ಕಳೇ. ಗಂಡನಿಲ್ಲದ ಮನೆ ನಡೆಸಬೇಕು, ಬೀಡಿ ಕಟ್ಟಬೇಕು, ಅದರ ಮೇಲೆ ದಿನಾ ಕೀವು ಮೆತ್ತಿದ ಜಗುಲಿ ತೊಳೆಯಬೇಕು. ಅಷ್ಟರಲ್ಲಿ ಆಚೆ ಮನೆಯ ಅಕ್ಕ ಬಂದಳು. ಅವಳ ಮೊಮ್ಮಗನ ಕೈಗೆ ತುರಿಕೆಯ ಗುಳ್ಳೆ ಎದ್ದಿತ್ತು.

“ಕಾಣ್ ಹೆಣೆ, ನಿಮ್ ನಾಯಿ ಕಜ್ಜಿ ಮಕ್ಳಿಗ್ ಹಿಡ್ದಿತ್. ಬಪ್ಪ್ ಹುಣ್ಣಿ ಒಳಗೆ ಅದನ್ ಎಲ್ಲಾರೂ ಬಿಟ್ಟ್ ಬನ್ನಿ. ಇಲ್ದಿರೆ ನಾನ್ ಪಂಚಾಯ್ತಿಗ್ ಹೇಳ್ತೆ.”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಒಳಗೆ ಹೋಗಿ, ಊಟ-ತಿಂಡಿಯದ್ದಲ್ಲದ ಮಾತೊಂದನ್ನು ಮೊದಲ ಸಲ ನಾನಾಗಿಯೇ ಶುರು ಮಾಡಿದೆ: “ಕರಿಯಾ, ನೀನ್ ಹೋಪ್ದೇ ಒಳ್ಳೇದ್.”

ಜಗುಲಿಯಲ್ಲಿ ಭಾವ ಗೋಣಿ ಕೊಡವಿದ್ದು ಕೇಳಿತು.

ಮರುದಿನ ಭಾವ ಕರಿಯನನ್ನು ಕರೆದುಕೊಂಡು ಕೊಲ್ಲೂರಿಗೆ ಹೋದರು. ಯಾತ್ರೆಯ ಜನ ಬರುವ ಜಾಗ, ತಿನ್ನಲು ಏನಾದರೂ ಸಿಗುತ್ತದೆ ಎಂದು ಲೆಕ್ಕ. ಮಧ್ಯಾಹ್ನ ನಾನು ಅನ್ನ ಬಸಿದು, ಅಭ್ಯಾಸದಲ್ಲಿ, “ಕರಿಯಾ, ಊಟಕ್ಕಾಯ್ತ್ ಅಂದ್ ಹೇಳ್,” ಎಂದೆ. ಮಾತು ಕಂಬಕ್ಕೆ ತಾಗಿ ನನಗೇ ಬಂತು. ಇನ್ನು ಭಾವ ಒಬ್ಬರೇ ತಿರುಗಿ ಬಂದರೆ? ಬೇಳೆ ಮುಗಿದರೆ ಯಾರಿಗೆ ಹೇಳುವುದು? ಮಗಳಿಗೆ ಜ್ವರ ಬಂದರೆ? ಒಂದೇ ಮಾಡಿನಡಿ ಎರಡು ಗೋಡೆಗಳ ಹಾಗೆ ಇರುವುದಾ? ನಾಯಿ ಹೋಗಬೇಕೆಂದು ಹೇಳಿದ್ದು ನಾನೇ. ಬಸಿದ ಅನ್ನಕ್ಕೆ ಮುಚ್ಚಳ ಹಾಕಿ ಬಾಗಿಲಲ್ಲಿ ಕೂತೆ.

ಸಂಜೆಯ ಬಸ್ಸಿಗೆ ಇಬ್ಬರೂ ಬಂದರು!

“ಅಲ್ಲಿ ನಾಯಿಗಳಿಗೆಲ್ಲ ಮೈ ತುಂಬ ರೋಮ ಕರಿಯಾ,” ಎಂದು ಭಾವ ಜಗುಲಿಯಲ್ಲಿ ಕೂತು ದೊಡ್ಡ ಸ್ವರದಲ್ಲಿ ಹೇಳಿದರು. “ನೀನ್ ಒಬ್ನೇ ಬೋಳ. ನಿಂಗ್ ನಾಚ್ಕಿ ಆಯ್ತಲ್ದಾ? ಅದ್ಕೇ ಕರ್ಕಂಡ್ ಬಂದೆ.”

ನನಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಸಿಟ್ಟೂ ಬಂತು.

ಹುಣ್ಣಿಮೆಗೆ ಉಳಿದದ್ದು ಐದು ದಿನ. ಭಾವ ದಡಕ್ಕೆ ಹೋದ ಸಮಯ ನೋಡಿ, ಅಂಗಡಿಯವನ ಮುಖ ನೋಡಿ ಮಾತಾಡದ ನಾನು, ರಿಕ್ಷಾ ಕರೆದು ಕರಿಯನನ್ನು ಕುಂದಾಪುರದ ದನದ ಡಾಕ್ಟರರ ಹತ್ತಿರ ಒಯ್ದೆ. ಸಾಲಿನಲ್ಲಿ ಎಮ್ಮೆಗಳ ನಡುವೆ, ಸೆರಗು ಮುಖದವರೆಗೆ ಎಳೆದುಕೊಂಡು ನಿಂತೆ. ಎಮ್ಮೆಗಳೂ ನನ್ನನ್ನೇ ನೋಡುತ್ತಿವೆ ಅನಿಸಿತು.

ಡಾಕ್ಟರು ಚರ್ಮ ಒಂದಿಷ್ಟು ಕೆರೆದು ಗಾಜಿನಲ್ಲಿಟ್ಟು ನೋಡಿದರು. “ಕಣ್ಣಿಗೆ ಕಾಣದ ನುಸಿ ಚರ್ಮದೊಳಗೆ ಸೇರಿದೆಯಮ್ಮ. ಹದಿನೈದು ದಿನಕ್ಕೊಂದರಂತೆ ಮೂರು ಇಂಜೆಕ್ಷನ್. ಮದ್ದಿನ ಸಾಬೂನಿನಲ್ಲಿ ಮೀಯಿಸಿ. ಮಲಗುವ ಗೋಣಿ ಸುಟ್ಟುಬಿಡಿ. ಮಕ್ಕಳನ್ನು ಸದ್ಯ ದೂರ ಇಡಿ, ತುರಿಕೆ ಆದವರು ಆಸ್ಪತ್ರೆಗೆ ತೋರಿಸಲಿ. ಅದಿರಲಿ, ಈ ವಾಸನೆ ಎಂತದು?”

“ದೋಣಿಯ ಎಣ್ಣೆ,” ಎಂದೆ, ನೆಲ ನೋಡಿಕೊಂಡು.

ಅವರು ಪೆನ್ನು ಕೆಳಗಿಟ್ಟರು. “ಇದು ದೋಣಿಯಾ?”

ಸಂಜೆ ಭಾವ ಡಬ್ಬಿ ಹಿಡಿದದ್ದು ಕಂಡಿತು. ನಾನು ಬಾಗಿಲ ಹಿಂದಿನಿಂದ: “ಕರಿಯಾ, ಎಣ್ಣೆ ಮುಟ್ಟುಕಾಗ ಅಂದ್ ಡಾಕ್ಟ್ರ್ ಹೇಳಿರ್.”

“ಕರಿಯಾ, ಆ ಡಾಕ್ಟ್ರಿಗೆ ದೋಣಿ ಬಗ್ಗೆ ಎಂತ ಗೊತ್ತಿತ್?”

“ಕರಿಯಾ, ನೀನ್ ದೋಣಿ ಅಲ್ಲ!”

ಅಷ್ಟು ಗಟ್ಟಿಯಾಗಿ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ. ಭಾವ ಡಬ್ಬಿಯ ಮುಚ್ಚಳ ಹಾಕಿದರು. ಆಚೆ ಮನೆಯ ಅಕ್ಕನಿಗೆ ನಾನೇ ಹೋಗಿ ಇಂಜೆಕ್ಷನ್ನಿನ ಚೀಟಿ ತೋರಿಸಿ, ಮೂರು ಹುಣ್ಣಿಮೆಯ ಅವಧಿ ಕೇಳಿದೆ. ಕೊಟ್ಟಳು.

ಎರಡನೇ ಇಂಜೆಕ್ಷನ್ನಿಗೆ ಕೆರೆತ ನಿಂತಿತು. ಮೂರನೆಯದಕ್ಕೆ ಬೆನ್ನ ಮೇಲೆ ಭತ್ತದ ಸಸಿಯ ಹಾಗೆ ಕಪ್ಪು ರೋಮ ಚಿಗುರಿತು. ಭಾವ ಅದರ ಮೇಲೆ ಕೈಯಾಡಿಸಿ ಹೇಳಿದ್ದೇನು? “ಕಂಡ್ಯಾ ಕರಿಯಾ, ದೋಣಿ ಎಣ್ಣೆ ತಡ ಆದ್ರೂ ಕೆಲ್ಸ ಮಾಡ್ತ್!”

ಆಮೇಲೆ ಎಂಟು ವರ್ಷ ಕರಿಯ ಬದುಕಿದ. ನಿಮ್ಮ ಅಮ್ಮನ ಮದುವೆಯ ಮಾತುಕತೆಯೂ ಅವನ ಮೂಲಕವೇ ನಡೆಯಿತು. ಮುದಿಯಾಗಿ, ಮೈ ತುಂಬ ರೋಮ ಇಟ್ಟುಕೊಂಡು, ಒಂದು ಬೆಳಿಗ್ಗೆ ಜಗುಲಿಯ ಕಂಬದ ಬುಡದಲ್ಲೇ ಹೋದ. ಭಾವ ಅವನನ್ನು ಗಾಳಿಮರದ ಅಡಿ ಹುಗಿದು ಬಂದರು.

ಮೂರು ದಿನ ಮನೆಯಲ್ಲಿ ಮಾತಿಲ್ಲ. ಭಾವ ಬರುವರು, ಉಣ್ಣುವರು, ಬಾಗಿಲ ಬಳಿಯ ಖಾಲಿ ಜಾಗ ನೋಡುವರು, ಏಳುವರು. ನಾನೂ ಬಾಯಿ ತೆರೆಯುವೆ, ಮುಚ್ಚುವೆ. ಯಾರನ್ನು ಕರೆದು ಹೇಳುವುದು?

ನಾಲ್ಕನೇ ದಿನ ಬಂಗುಡೆ ಸಾರು ಮಾಡಿದೆ. ಬಡಿಸಿ ಬಾಗಿಲ ಹಿಂದೆ ನಿಂತೆ. ಭಾವ ಒಂದು ತುತ್ತು ಉಂಡರು. ಕೈ ತಡೆದರು. ಇನ್ನೊಂದು ಉಂಡರು. ತಲೆಯೆತ್ತಿ ಆ ಖಾಲಿ ಜಾಗ ನೋಡಿದರು. ಮೆಲ್ಲಗೆ ಬಾಗಿಲ ಕಡೆ ಮುಖ ತಿರುಗಿಸಿದರು.

“ಉಪ್ಪ್ ಹಾಕುಕೆ ಮರ್ತ್ ಹೋಯ್ತಾ ಮಾರಾಯ್ತಿ?”

ನಾನು ಬಾಗಿಲ ಹಿಂದಿನಿಂದ ಈಚೆ ಬಂದೆ.

“ಮರೀಲಿಲ್ಲೆ ಭಾವ,” ಎಂದೆ. “ಬೇಕಂದೇ ಹಾಕ್ಲಿಲ್ಲೆ.”

ಅವರು ಇನ್ನೊಂದು ತುತ್ತು ಕಲಸಿಕೊಂಡರು. ಆಮೇಲೆ, “ಹಂಗಾರೆ ನಾಳೆಯಿಂದ ಹಾಕ್,” ಎಂದರು.

ನನಗೇ ಹೇಳಿದ್ದು.