ಸಿಲಾಸ ಮಾಸ್ತರರ ಓಟ, ರೂತಮ್ಮನ ಕೊಡ

ಪ್ರಾಣ ಹೋದರೂ ಬೆಳಗಿನ ಓಟ ಬಿಡುವುದಿಲ್ಲ! ಬೀದರಿನ ನಿವೃತ್ತ ಶಿಕ್ಷಕ ಸಿಲಾಸ ಮಾಸ್ತರರು ಹೀಗೆಂದು ಘನಘೋರ ಪ್ರತಿಜ್ಞೆ ಮಾಡಿದ್ದರು. ನಿವೃತ್ತಿಯಾದ ಹೊಸತರಲ್ಲಿ ಪಾಪ, ಮಾತುಬಿಟ್ಟು ಗೋಡೆ ನೋಡುತ್ತ ಕೂತಿರುತ್ತಿದ್ದರು. ಓಡಲು ಶುರು ಮಾಡಿದ ಮೇಲೆಯೇ ಮುಖಕ್ಕೆ ನಗು, ಬಾಯಿಗೆ ಮಾತು ವಾಪಸು ಬಂದದ್ದು. ಮಾತಂತೂ ಬೇಕಾದ್ದಕ್ಕಿಂತ ಹೆಚ್ಚೇ ಬಂದಿತ್ತು.

ಆದರೆ ಅದು ಬರಗಾಲದ ವರ್ಷ. ಓಣಿಯ ಅರ್ಧ ಮನೆಗಳಿಗೆ ಬೀಗ; ಜನ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಉಳಿದವರಿಗೆ ಟ್ಯಾಂಕರಿನ ನೀರೇ ಗತಿ, ಅದೂ ಬಂದರೆ ಬಂತು. ಇತ್ತ ಮಾಸ್ತರರು ಓಡಿದರೆ ಬೆವರು, ಬೆವರಿದರೆ ಜಳಕ, ಮೇಲೆ ಒಗೆಯಲು ಒಂದು ಅಂಗಿ! ನರ್ಸ್ ಆಗಿ ನಿವೃತ್ತರಾಗಿದ್ದ ಹೆಂಡತಿ ರೂತಮ್ಮ ಒಂದು ಸಂಜೆ ತೀರ್ಪು ಕೊಟ್ಟೇಬಿಟ್ಟರು.

"ನಿಮ್ಮ ಬೆವರು ತೊಳಿಲಾಕ ನನ್ನ ಬಲ್ಲಿ ನೀರಿಲ್ರಿ. ಓಟ ಬಂದ್."

ಮಾಸ್ತರರು ಅಂಗಲಾಚಿ ಇನ್ನೊಂದೇ ಒಂದು ದಿನ ಗಿಟ್ಟಿಸಿಕೊಂಡರು. ಮೊಣಕಾಲು ನೋವೆಂದು ಸದಾ ನರಳುವವಳಿಗೆ ಓಟದ ಸುಖ ಏನು ಗೊತ್ತು ಎಂದು ಒಳಗೊಳಗೇ ಗೊಣಗಿದರು.

ಮರುದಿನ ಎಂದಿಗಿಂತ ಮುಂಚೆ, ಇನ್ನೂ ನಸುಕಿನಲ್ಲೇ, ಕೊನೆಯ ಓಟವಲ್ಲವೇ, ಸಂಕಟವನ್ನೆಲ್ಲ ಕಾಲಿಗಿಳಿಸಿ ಎಂದೂ ಓಡದಷ್ಟು ಜೋರಾಗಿ ಓಡಿದರು. ಅಂಗಳ ಗುಡಿಸುತ್ತಿದ್ದ ನೆರೆಮನೆಯ ಮರಿಯಮಬೀ ನೋಡಿದಳು. ಈ ವಯಸ್ಸಿನಲ್ಲಿ ಮಾಸ್ತರರು ಹೀಗೆ ಓಡುತ್ತಾರೆಂದರೆ ಟ್ಯಾಂಕರೇ ಬಂದಿರಬೇಕೆಂದು ಕೊಡ ಎತ್ತಿಕೊಂಡು ಬೆನ್ನುಹತ್ತಿದಳು. ಅವಳನ್ನು ನೋಡಿ ಓಣಿಗೆ ಓಣಿಯೇ ಓಡಿತು. ಹಿಂದಿನ ಧಡಧಡ ಸಪ್ಪಳ ಕೇಳಿ ಮಾಸ್ತರರು ಪುಳಕಗೊಂಡರು. ಆಹಾ, ತಮ್ಮಿಂದಾಗಿ ಊರಿಗೇ ವ್ಯಾಯಾಮದ ಹುಚ್ಚು ಹಿಡಿಯಿತಲ್ಲ! ತಿರುಗಿ ನೋಡದೆ, ಸೇನಾಪತಿಯಂತೆ ಕೈಯೆತ್ತಿ ಹುರಿದುಂಬಿಸುತ್ತ ಮುನ್ನುಗ್ಗಿದರು.

ಅಷ್ಟರಲ್ಲಿ ಯಾರೋ ಸರ್ರನೆ ಅವರನ್ನು ದಾಟಿ ಹೋದರು. ಎತ್ತಿಕಟ್ಟಿದ ಸೀರೆ, ಎರಡು ಕೈಗೆ ಎರಡು ಕೊಡ. ರೂತಮ್ಮ!

ದೊಡ್ಡ ರಸ್ತೆಯಲ್ಲಿ ನಿಜವಾಗಿಯೂ ಒಂದು ಟ್ಯಾಂಕರ್ ಹೊರಟಿತ್ತು. ಈ ದಂಡು ನೋಡಿ ಡ್ರೈವರ್ ಚಾಂದ ಪಾಶಾ ಗಾಬರಿಯಿಂದ ಬ್ರೇಕ್ ಹಾಕಿದ. ಇಷ್ಟು ನಸುಕಿಗೆ ಈ ಓಣಿಯಲ್ಲಿ ಯಾರೂ ಏಳುವುದಿಲ್ಲವೆಂದು ಅವನು ದಿನಾ ಮುಂದಕ್ಕೆ ಹೋಗಿಬಿಡುತ್ತಿದ್ದನಂತೆ! ಇನ್ನು ಮೇಲೆ ನಿಲ್ಲಿಸುವುದಾಗಿ ಒಪ್ಪಿದ. ಕೊಡಗಳೆಲ್ಲ ತುಂಬಿದವು. ಜನ ಮಾಸ್ತರರನ್ನು ಬಾಯ್ತುಂಬ ಹೊಗಳಿದರು. ಟ್ಯಾಂಕರಿನ ಮುಂದೆ ಖಾಲಿ ಕೈಯಲ್ಲಿ ನಿಂತವರು ಅವರೊಬ್ಬರೇ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ.

ರೂತಮ್ಮ ಏದುಸಿರು ಬಿಡುತ್ತ ನಗುತ್ತಿದ್ದರು. ಎಷ್ಟು ವರ್ಷವಾಗಿತ್ತೋ ಆಕೆ ಹಾಗೆ ನಕ್ಕು! ಮಾಸ್ತರರಿಗೆ ನೀರು ಸಿಕ್ಕಿದ್ದಕ್ಕಿಂತ ಅದೇ ಹೆಚ್ಚು ಖುಷಿಯಾಯಿತು. ಮೊಣಕಾಲಿನ ಸಮಾಚಾರ ಕೇಳಿದರೆ, ಅದರ ನೆನಪೇ ಆಗಲಿಲ್ಲವೆಂದರು. ಇದೇ ಸಮಯವೆಂದು ಮಾಸ್ತರರು ಎದೆಯುಬ್ಬಿಸಿದರು.

"ಈಗರೆ ಹೇಳು, ಓಟ ಬಂದ್ ಮಾಡಬೇಕೇನು?"

"ಯಾಕ್ ಬಂದ್ ಮಾಡ್ತೀರಿ? ದಿನಾ ಓಡೋಣ್ರಿ," ಎಂದು ರೂತಮ್ಮ ತುಂಬಿದ ಕೊಡಗಳೆರಡನ್ನೂ ಅವರ ಕೈಗಿತ್ತು, ಸೆರಗು ಸಿಕ್ಕಿಸಿದರು. "ಮುಂದ ನಾ ಓಡ್ತೇನಿ. ನೀವು ಕೊಡ ಹಿಡ್ಕೊಂಡು ಹಿಂದಿಂದ ಬರ್ರಿ."