ಗುರ್ ಅನ್ನದ ದೀಪ

ಬಾಯಿ ತೆರೆದು ಕೂತವರು ಮಾತಾಡೋಲ್ಲ ಅಂತ ನೀವಂದುಕೊಂಡಿದ್ದರೆ, ಕುವೆಂಪುನಗರದ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಒಂದು ದಿನ ಬನ್ನಿ. ಬಾಯೊಳಗಿನ ಹತ್ತಿ ತೆಗೆಯೋದೇ ತಡ, ತೀರ್ಪು ಹೊರಬೀಳುತ್ತೆ.

೧. ಅರ್ಧ ಡೋಸು

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಹಲ್ಲಿಗೆ ತುಂಬಿದ ಸಿಮೆಂಟು ಗಟ್ಟಿಯಾಗೋಕೆ ನೀಲಿ ಬೆಳಕು ಬಿಡಬೇಕು. ನನ್ನ ಹಳೇ ಹ್ಯಾಲೊಜೆನ್ ಮೆಷಿನ್ನು ಫ್ಯಾನು ತಿರುಗಿಸಿಕೊಂಡು ನಲವತ್ತು ಸೆಕೆಂಡು ಗುರ್ ಅಂತಿತ್ತು. ಹೊಸ ಎಲ್‌ಇಡಿ ದೀಪಕ್ಕೆ ವೈರೂ ಇಲ್ಲ, ಸದ್ದೂ ಇಲ್ಲ, ಇಪ್ಪತ್ತೇ ಸೆಕೆಂಡು. ತಂದ ದಿನ ನನಗೋ ಹೊಸ ಸ್ಕೂಟರ್ ಕೊಂಡಷ್ಟು ಜಂಬ!

ಮೊದಲು ಕೂತವರು ಪಕ್ಕದ ರಸ್ತೆಯ ಗೃಹಿಣಿ. "ಮುಗೀತಮ್ಮ" ಅಂದೆ.

"ಇಷ್ಟೇನಾ? ನಮ್ಮ ಯಜಮಾನ್ರಿಗೆ ಪೂರ್ತಿ ಕೊಟ್ಟಿದ್ರಿ, ನನಗೆ ಮಾತ್ರ ಅರ್ಧಾನಾ?"

ತೆಪ್ಪಗೆ ಇನ್ನೊಂದು ಇಪ್ಪತ್ತು ಸೆಕೆಂಡು ಹಿಡಿದೆ.

೨. ಕರೆಂಟು ಹೋಯ್ತು

ಹೆಬ್ಬಾಳದ ಫ್ಯಾಕ್ಟರಿಯ ಫಿಟ್ಟರ್ ಒಬ್ಬರು ಕೂತಿದ್ದಾಗ ಕರೆಂಟು ಹೋಯ್ತು. ಹೊಸ ದೀಪ ಉರೀತಾನೇ ಇತ್ತು. "ನೋಡಿದ್ರಾ, ಬ್ಯಾಟರಿದು!" ಅಂತ ಬೀಗಿದೆ.

"ನಮ್ಮನೇಲೂ ಒಂದು ಟಾರ್ಚದೆ ಸಾರ್. ಮುಂದಿನ ಸಲ ತಂದ್ಬುಡ್ಲಾ? ನಿಮ್ಮ ಸೆಲ್ಲು ಉಳೀತದೆ."

೩. ಮೇಷ್ಟ್ರ ಮುಂಬಲ್ಲು

ಇಲವಾಲದ ರಿಟೈರ್ಡ್ ಮೇಷ್ಟ್ರು ಕೋಡುಬಳೆ ಕಡಿದು ಮುಂಬಲ್ಲು ಮುರಕೊಂಡು ಬಂದರು. ಮಾರನೇ ದಿನವೇ ಮಗಳ ನಿಶ್ಚಿತಾರ್ಥ. "ಬೀಗರ ಮುಂದೆ ಹೆಂಗೆ ನಗ್ಲಿ ಡಾಕ್ಟ್ರೇ?" ಅಂದರು. ನನಗೆ ಪಾಪ ಅನ್ನಿಸಿತು.

ಆದರೆ ಹೊಸ ದೀಪ ಕಂಡದ್ದೇ ಬಾಯಿ ಮುಚ್ಚಿಬಿಟ್ಟರು. "ಇದು ಬೇಡ ಕಣ್ರೀ. ಗುರ್ ಅನ್ನೋದೇ ತನ್ನಿ. ಅದರಲ್ಲಿ ಮಾಡಿದ ದವಡೆ ಹಲ್ಲು ಕಲ್ಲಿದ್ದಂಗಿದೆ."

ಹಳೇದರ ಬಲ್ಬು ಹಿಂದಿನ ವಾರವೇ ಸುಟ್ಟುಹೋಗಿತ್ತು. ಹೇಳಿದರೆ ಎದ್ದೇ ಹೋಗುತ್ತಾರೆ. ಕಣ್ಣು ಮುಚ್ಚಿಕೊಳ್ಳಿ ಅಂದು ಸಿಸ್ಟರಿಗೆ ಸನ್ನೆ ಮಾಡಿದೆ. ಕಿವಿಯ ಹತ್ತಿರ ಹಳೇದರ ಫ್ಯಾನು ಗುರ್ ಅಂತಿತ್ತು, ಬಾಯೊಳಗೆ ಹೊಸ ದೀಪ ಕೆಲಸ ಮಾಡುತ್ತಿತ್ತು. ಕನ್ನಡಿ ನೋಡಿಕೊಂಡ ಮೇಷ್ಟ್ರು "ಹಳೇದು ಹಳೇದೇ!" ಅಂತ ನನ್ನ ಕೈ ಹಿಡಕೊಂಡರು.

ನಿಶ್ಚಿತಾರ್ಥ ಮುಗಿದ ಮೂರನೇ ದಿನ ಬೀಗರನ್ನೇ ಕರಕೊಂಡು ಬಂದರು. ಅವರದ್ದೂ ಹಲ್ಲು ಹುಳುಕಂತೆ. "ಆ ಮೆಷಿನ್ನಿನ ಮಹಿಮೆ ಎಲ್ಲರಿಗೂ ಹೇಳ್ಬಿಟ್ಟಿದ್ದೀನಿ. ನಾನು ಇಲ್ಲೇ ನಿಂತು ನೋಡ್ತೀನಿ" ಅಂದರು.

ಸಿಸ್ಟರ್ ನನ್ನ ಮುಖ ನೋಡಿದರು. ಬೇರೆ ದಾರಿಯಿರಲಿಲ್ಲ, ಬೀಗರು ಕಣ್ಣು ಮುಚ್ಚಿದರು, ಫ್ಯಾನು ಶುರುವಾಯಿತು. ಮೇಷ್ಟ್ರು ಹಳೇ ಮೆಷಿನ್ ನೋಡಿದರು, ನನ್ನ ಕೈಲಿದ್ದ ದೀಪ ನೋಡಿದರು, ನಾಲಿಗೆಯಿಂದ ತಮ್ಮ ಮುಂಬಲ್ಲು ಸವರಿಕೊಂಡರು.

ಮೆಲ್ಲಗೆ ಬಗ್ಗಿ ನನ್ನ ಕಿವಿಯಲ್ಲಿ ಅಂದರು: "ಹೇಳ್ಬೇಡಿ ಡಾಕ್ಟ್ರೇ, ಬೀಗರ ಮುಂದೆ ನನ್ನ ಮರ್ಯಾದೆ ಪ್ರಶ್ನೆ. ಫ್ಯಾನು ಇನ್ನೊಂಚೂರು ಜೋರಾಗಿ ಹಾಕ್ಸಿ!"